ಮಳೆಗಾಲದ ಸೆಮಿಸ್ಟರ್‌ನಲ್ಲಿ ಪತ್ರಿಕೋದ್ಯಮದ ಪ್ರಾಯೋಗಿಕ ತರಗತಿ: ಕೊಡಗಿನ ಸಣ್ಣ ಕಾಲೇಜಿನಲ್ಲಿ ಎಲ್ಲಿಂದ ಶುರು ಮಾಡೋದು?

ಹಾರಂಗಿ ದಂಡೆ

ಎಲ್ಲರಿಗೂ ನಮಸ್ಕಾರ. ಬಿ.ಎ. ಮೊದಲ ವರ್ಷದ ಪತ್ರಿಕೋದ್ಯಮ ವಿದ್ಯಾರ್ಥಿಗಳ ಪ್ರಾಯೋಗಿಕ ತರಗತಿ ಈ ಸಲ ನನ್ನ ಪಾಲಿಗೆ ಬಂದಿದೆ. ಮೂವತ್ತು ಮಂದಿ ಇದ್ದಾರೆ. ಕಂಪ್ಯೂಟರ್ ಲ್ಯಾಬನ್ನು ವಾಣಿಜ್ಯ ವಿಭಾಗದ ಜತೆ ಹಂಚಿಕೊಳ್ಳಬೇಕು. ಸ್ಟುಡಿಯೊ ಇಲ್ಲ, ಒಂದು ಕ್ಯಾಮೆರಾ ಇದೆ, ಎಲ್ಲರ ಕೈಯಲ್ಲೂ ಫೋನ್ ಇದೆ. ಸೆಮಿಸ್ಟರ್ ಶುರುವಾಗುವುದೇ ಜೋರು ಮಳೆಯಲ್ಲಿ. ಕರೆಂಟ್, ನೆಟ್‌ವರ್ಕ್, ಬಸ್ಸು ಯಾವುದನ್ನೂ ನಂಬುವ ಹಾಗಿಲ್ಲ.

ಪಠ್ಯಕ್ರಮದಲ್ಲಿ ವರದಿಗಾರಿಕೆ, ಸಂಪಾದನೆ, ಪುಟ ವಿನ್ಯಾಸ, ಪ್ರಯೋಗ ಪತ್ರಿಕೆ ಎಲ್ಲ ಇವೆ. ನೋಟ್ಸ್ ಬರೆಸಿ ರೆಕಾರ್ಡ್ ಬುಕ್ ತುಂಬಿಸುವುದು ನನಗೆ ಬೇಡ. ಹೊರಗೆ ಹೋಗಲು ಆಗದ ದಿನಗಳಲ್ಲೂ ನಿಜವಾದ ಸುದ್ದಿ ಕೆಲಸ ಮಾಡಿಸುವುದು ಹೇಗೆ? ಮೊದಲ ತಿಂಗಳು ಏನು ಮಾಡಿಸಬೇಕು?

ನಾಲ್ಕನೇ ಪುಟ

ಮೇಡಂ, ಮಳೆಯೇ ನಿಮ್ಮ ಮೊದಲ ಪಾಠವಾಗಲಿ. ಮಳೆಗಾಲದಲ್ಲಿ ಜಿಲ್ಲೆಯ ಮಳೆ ವಿವರ ಪ್ರತಿದಿನ ಬೆಳಿಗ್ಗೆ ಹೊರಬೀಳುತ್ತದೆ. ಬೆಳಿಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆಗಳ ಜಿಲ್ಲಾ ಸರಾಸರಿ, ಕಳೆದ ವರ್ಷ ಇದೇ ದಿನದ ಮಳೆ, ಜನವರಿಯಿಂದ ಇಲ್ಲಿಯವರೆಗಿನ ಒಟ್ಟು, ಹೋಬಳಿವಾರು ಅಂಕಿ, ಕೊನೆಗೆ ಹಾರಂಗಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. ಒಂದು ಪುಟದ ಈ ಮಾಹಿತಿಯಲ್ಲಿ ಒಂದು ತಿಂಗಳ ಪಾಠ ಇದೆ.

ಮೊದಲ ವಾರ ಅದನ್ನು ಬೋರ್ಡಿನ ಮೇಲೆ ಹಾಗೆಯೇ ಬರೆಯಿರಿ. ಪ್ರತಿಯೊಬ್ಬರೂ ಇಪ್ಪತ್ತು ನಿಮಿಷದಲ್ಲಿ 80 ಪದಗಳ ಸುದ್ದಿ ಮಾಡಬೇಕು. ಮೂವತ್ತರಲ್ಲಿ ಇಪ್ಪತ್ತೈದು ಮಂದಿ 'ಜಿಲ್ಲೆಯಲ್ಲಿ ಸರಾಸರಿ ಇಷ್ಟು ಮಿ.ಮೀ. ಮಳೆಯಾಗಿದೆ' ಎಂದೇ ಆರಂಭಿಸುತ್ತಾರೆ, ಏಕೆಂದರೆ ಪ್ರಕಟಣೆಯ ಮೊದಲ ಸಾಲು ಅದು. ಅಲ್ಲಿ ಅವರನ್ನು ನಿಲ್ಲಿಸಿ. ಭಾಗಮಂಡಲದಲ್ಲಿ ಸುರಿಯುವುದಕ್ಕೂ ಕುಶಾಲನಗರದಲ್ಲಿ ಬೀಳುವುದಕ್ಕೂ ಹೋಲಿಕೆಯೇ ಇಲ್ಲ. ಎರಡನ್ನೂ ಕೂಡಿಸಿ ಭಾಗಿಸಿದ ಸಂಖ್ಯೆ ಯಾವ ಊರಿನ ಮಳೆಯೂ ಅಲ್ಲ. ಸುದ್ದಿ ಇರುವುದು ಹೋಬಳಿ ಸಾಲುಗಳಲ್ಲಿ. ಶಾಂತಳ್ಳಿಯಲ್ಲಿ ನಿನ್ನೆಗಿಂತ ದುಪ್ಪಟ್ಟಾಗಿದೆಯೇ? ಹುದಿಕೇರಿಯಲ್ಲಿ ಸತತ ಮೂರನೇ ದಿನ ನೂರು ದಾಟಿತೇ? ಅದು ಮೊದಲ ವಾಕ್ಯ.

ಎರಡನೇ ವಾರ ಹವಾಮಾನ ಇಲಾಖೆಯ ವರ್ಗೀಕರಣ ಕೊಡಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, 204.5 ಮತ್ತು ಅದಕ್ಕಿಂತ ಹೆಚ್ಚಾದರೆ ಅತ್ಯಂತ ಭಾರಿ. ಇದು ಗೊತ್ತಾದ ಮೇಲೆ 'ಧಾರಾಕಾರ', 'ರಣಭೀಕರ', 'ವರುಣನ ಆರ್ಭಟ' ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಹೊಡೆಯಿರಿ. 40 ಮಿ.ಮೀ.ಗೆ ಆರ್ಭಟ ಎಂದು ಬರೆದವರಿಗೆ 240 ಬಿದ್ದ ದಿನ ಬರೆಯಲು ಪದ ಉಳಿದಿರುವುದಿಲ್ಲ.

ಬಾಣೆ ಕಾಫಿ

ನಾಲ್ಕನೇ ಪುಟದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಓದುಗರು ಮಿಲಿಮೀಟರ್‌ನಲ್ಲಿ ಯೋಚಿಸುವುದಿಲ್ಲ. ತೋಟದವರ ಮಾತು ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) 80 ಸೆಂಟು ಬಿತ್ತು ಎಂದರೆ ಸುಮಾರು 20 ಮಿ.ಮೀ. ವಿದ್ಯಾರ್ಥಿಗಳು ಪ್ರಕಟಣೆಯ ಅಂಕಿಯನ್ನು ಇಂಚಿಗೆ ತಿರುಗಿಸಿ, ಎರಡನ್ನೂ ಬರೆಯಲಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ದಶಾಂಶದ್ದು. 2.54 ಇಂಚನ್ನು '2 ಇಂಚು 54 ಮಿ.ಮೀ.' ಎಂದು ಬರೆದುಬಿಡುತ್ತಾರೆ. ಅದು 2 ಇಂಚು 54 ಸೆಂಟು, ಅಂದರೆ ಭಾರಿ ಮಳೆಯ ಗೆರೆ.

ಇನ್ನೊಂದು ವಿಷಯ. ತೋಟದ ಮಳೆಮಾಪಕವನ್ನು ಮನೆಯವರು ಬೆಳಿಗ್ಗೆ 6ಕ್ಕೋ 7ಕ್ಕೋ ನೋಡುತ್ತಾರೆ. ಸರ್ಕಾರದ ಲೆಕ್ಕ 8.30ರದು. ಎರಡು ಅಂಕಿ ಬೇರೆಯಾದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ಅಳೆದ ಹೊತ್ತು ಮತ್ತು ಜಾಗ ಬೇರೆ. ವರದಿಯಲ್ಲಿ ಯಾರ ಮಾಪಕ, ಎಷ್ಟು ಗಂಟೆಯ ಲೆಕ್ಕ ಎಂಬುದು ಇರಲೇಬೇಕು.

ಗಣಿತಕ್ಕೆ ಹೆದರುವ ಮಕ್ಕಳಿಗೆ ಕಾಫಿ ದರ ಒಳ್ಳೆಯ ಅಭ್ಯಾಸ. ಸ್ಥಳೀಯ ದರ 50 ಕೆ.ಜಿ. ಚೀಲಕ್ಕೆ, ಲಂಡನ್ ರೋಬಸ್ಟಾ ಟನ್ನಿಗೆ ಡಾಲರ್‌ನಲ್ಲಿ, ನ್ಯೂಯಾರ್ಕ್ ಅರೇಬಿಕಾ ಪೌಂಡಿಗೆ ಸೆಂಟ್‌ನಲ್ಲಿ. 'ಅಂತಾರಾಷ್ಟ್ರೀಯ ದರ ಏರಿದರೂ ಬೆಳೆಗಾರರಿಗೆ ಸಿಗಲಿಲ್ಲ' ಎಂದು ಬರೆಯುವ ಮೊದಲು ಮೂರನ್ನೂ ಕೆ.ಜಿ.ಗೆ ಎಷ್ಟು ರೂಪಾಯಿ ಎಂದು ತರಬೇಕು. ಚೆರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು) ಮತ್ತು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಗೊಂದಲವಂತೂ ಬೇಡವೇ ಬೇಡ. ಒಣಗಿದ ಚೆರಿಯ ಚೀಲದಲ್ಲಿ ಸಿಪ್ಪೆಯ ತೂಕವೂ ಇರುತ್ತದೆ, ಅದಕ್ಕೇ ಔಟರ್ನ್ ನೋಡಿ ದರ ಕಟ್ಟುತ್ತಾರೆ. 50 ಕೆ.ಜಿ. ಚೆರಿಯಿಂದ 26 ಕೆ.ಜಿ. ಬೇಳೆ ಬಂದರೆ ಅದು 26 ಔಟರ್ನ್. ಇದನ್ನು ಬಿಟ್ಟು ಚೆರಿ ದರವನ್ನೂ ಲಂಡನ್ ದರವನ್ನೂ ಎದುರುಬದುರು ಇಟ್ಟರೆ ಸುದ್ದಿ ಅಡಿಯಿಂದಲೇ ತಪ್ಪು.

ಹಾರಂಗಿ ದಂಡೆ

ಇದು ತುಂಬ ಉಪಯೋಗಕ್ಕೆ ಬರುತ್ತದೆ, ಧನ್ಯವಾದ. ಜಲಾಶಯದ ಭಾಗವನ್ನೂ ಹೀಗೇ ಮಾಡಿಸಬಹುದಾ? ಒಳಹರಿವು, ಸಂಗ್ರಹ ಎರಡನ್ನೂ ಮಕ್ಕಳು ಒಂದೇ ಎಂದುಕೊಂಡಿದ್ದಾರೆ.

ನಾಲ್ಕನೇ ಪುಟ

ಮಾಡಿಸಲೇಬೇಕು, ನಿಮ್ಮ ಕಾಲೇಜಿನ ಪಕ್ಕದ ಜಲಾಶಯ ಅದು. ಕ್ಯುಸೆಕ್ ಎಂದರೆ ಹರಿವಿನ ವೇಗ, ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಟಿಎಂಸಿ ಎಂದರೆ ಪ್ರಮಾಣ, ನೂರು ಕೋಟಿ ಘನ ಅಡಿ. ಇವೆರಡರ ನಡುವಿನ ಸೇತುವೆ 11,574. ಅಷ್ಟು ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ಸಾಮರ್ಥ್ಯ 8.5 ಟಿಎಂಸಿ. ಈಗ ಲೆಕ್ಕ ಕೊಡಿ: ನದಿಗೆ 20,000 ಕ್ಯುಸೆಕ್ ಒಂದು ಪೂರ್ತಿ ದಿನ ಬಿಟ್ಟರೆ ಎಷ್ಟು ಟಿಎಂಸಿ? ಸುಮಾರು 1.73. ಜಲಾಶಯದ ಐದನೇ ಒಂದು ಭಾಗ ಒಂದೇ ದಿನದಲ್ಲಿ ಹೊರಗೆ ಹೋಯಿತು ಎಂದು ಹುಡುಗರಿಗೆ ಹೊಳೆದಾಗ, ಕೆಳಗಿನ ಬಡಾವಣೆಗಳ ಸುದ್ದಿ ಏಕೆ ಮೊದಲು ಬರಬೇಕು ಎಂಬುದು ತಾನಾಗಿ ಅರ್ಥವಾಗುತ್ತದೆ.

'20,000 ಕ್ಯುಸೆಕ್ ನೀರು ಸಂಗ್ರಹವಿದೆ' ಎಂದು ಬರೆದ ಪ್ರತಿಯನ್ನು ತಿದ್ದಿ ಕೊಡಬೇಡಿ. ಮತ್ತೆ ಬರೆಯಲು ವಾಪಸ್ ಕೊಡಿ.

ಕೂಟುಹೊಳೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಂಕಿಅಂಶದಿಂದ ಶುರು ಮಾಡಿದರೆ ಮಕ್ಕಳು ಮೇಜು ಬಿಟ್ಟು ಏಳುವುದಿಲ್ಲ. ಪತ್ರಕರ್ತ ಮೊದಲು ಕಲಿಯಬೇಕಾದ್ದು ಜನರ ಹತ್ತಿರ ಮಾತಾಡುವುದು. ಮೊದಲ ವಾರವೇ ಸಂತೆಗೆ ಕಳಿಸಿ, ಮೂವರು ಅಪರಿಚಿತರ ಹತ್ತಿರ ಬೆಲೆ ಕೇಳಿಕೊಂಡು ಬರಲಿ. ಶನಿವಾರಸಂತೆಯಾಗಲಿ ಗೋಣಿಕೊಪ್ಪಲಾಗಲಿ, ಸಂತೆ ದಿನ ಮಳೆಯಿದ್ದರೂ ಜನ ಇರುತ್ತಾರೆ. ಕೇಳಿದವರ ಹೆಸರು, ಊರು, ಕಸುಬು, ಮತ್ತೆ ಅವರ ಮಾತಿನಲ್ಲೇ ಒಂದು ವಾಕ್ಯ. ಇಷ್ಟು ತರದಿದ್ದರೆ ಹಾಜರಿ ಇಲ್ಲ.

ನಾಲ್ಕನೇ ಪುಟ

ಎರಡಕ್ಕೂ ಜಗಳ ಇಲ್ಲ ಸರ್. ಆದರೆ ಪ್ರಶ್ನೆ ಸಿದ್ಧವಿಲ್ಲದೆ ಸಂತೆಗೆ ಹೋದವರು 'ವ್ಯಾಪಾರ ಹೇಗಿದೆ?' ಎಂದು ಕೇಳಿ 'ಪರವಾಗಿಲ್ಲ' ಎಂಬ ಉತ್ತರ ತರುತ್ತಾರೆ. ಹಿಂದಿನ ದಿನ ಪೇಪರಿನಲ್ಲಿ ಬಂದ ದರ ಓದಿಕೊಂಡು ಹೋದವರು 'ಹೋದ ವಾರಕ್ಕಿಂತ ಶುಂಠಿ ಇಷ್ಟು ಇಳಿದಿದೆಯಲ್ಲ, ಕಾರಣ ಏನು?' ಎಂದು ಕೇಳುತ್ತಾರೆ. ವ್ಯತ್ಯಾಸ ಅಷ್ಟೇ.

ನಾಲ್ಕುನಾಡು

ಸಂದರ್ಶನದ ಮಾತು ಬಂದಿದ್ದರಿಂದ ಹೇಳುತ್ತೇನೆ. ಈ ಜಿಲ್ಲೆಯಲ್ಲಿ ವರದಿ ಬರೆಯುವ ಭಾಷೆ ಕನ್ನಡ. ಮಾತಾಡುವ ಭಾಷೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಯರವ, ಕುರುಬ, ಯಾವುದೂ ಆಗಬಹುದು. ತರಗತಿಯ ಮೊದಲ ದಿನವೇ ಯಾರಿಗೆ ಯಾವ ಭಾಷೆ ಬರುತ್ತದೆ ಎಂದು ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಅದೇ ನಿಮ್ಮ ಸುದ್ದಿಮನೆಯ ದೊಡ್ಡ ಆಸ್ತಿ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ನೀರಿನ ಸಮಸ್ಯೆಗೆ ಕನ್ನಡ ಮಾತ್ರ ಬರುವವರನ್ನು ಕಳಿಸಿದರೆ ಮೇಸ್ತ್ರಿ ಹೇಳಿದ್ದು ವರದಿಯಾಗುತ್ತದೆ, ಕಾರ್ಮಿಕರು ಹೇಳಿದ್ದು ಆಗುವುದಿಲ್ಲ. ಹಾಡಿಯಲ್ಲೂ, ಅಂದರೆ ಬುಡಕಟ್ಟು ಜನರ ಕೇರಿಯಲ್ಲೂ, ಹೀಗೇ. ಜತೆಯಲ್ಲಿ ಬಂದ ಮುಖಂಡರೇ ಎಲ್ಲರ ಪರವಾಗಿ ಉತ್ತರ ಕೊಟ್ಟುಬಿಡುತ್ತಾರೆ.

ಕ್ರಮ ಹೀಗಿರಲಿ. ಒಪ್ಪಿಗೆ ಕೇಳಿ ಧ್ವನಿ ಮುದ್ರಿಸಿಕೊಳ್ಳುವುದು. ಮೂಲ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ, ಬೇಕಾದ ವಾಕ್ಯಗಳನ್ನು ಬರೆದುಕೊಳ್ಳುವುದು. ಆಮೇಲೆ ಕನ್ನಡಕ್ಕೆ ತರುವುದು. ಆ ಭಾಷೆ ಬಲ್ಲ ಇನ್ನೊಬ್ಬ ವಿದ್ಯಾರ್ಥಿ ಮುದ್ರಣ ಕೇಳಿ ಸರಿ ನೋಡುವುದು. ಅನುವಾದಿಸಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದಾದರೆ ಅವರು ಹೇಳಿದ್ದಕ್ಕಿಂತ ಒಂದು ಪದವೂ ಹೆಚ್ಚು ಇರಬಾರದು. ಕಷ್ಟವಾದರೆ ಚಿಹ್ನೆ ತೆಗೆದು ನಿಮ್ಮ ಮಾತಿನಲ್ಲಿ ಸಾರ ಬರೆಯಿರಿ. ಅಜ್ಜಿಯೊಬ್ಬರು 'ರಾತ್ರಿ ಆನೆ ಬಂತು, ಬಾಳೆ ಹೋಯಿತು' ಎಂದಿದ್ದನ್ನು 'ಕಾಡಾನೆಗಳ ದಾಂಧಲೆಯಿಂದ ಬದುಕು ದುಸ್ತರವಾಗಿದೆ ಎಂದು ಅಳಲು ತೋಡಿಕೊಂಡರು' ಎಂದು ಬರೆಯುವ ಚಾಳಿ ಮೊದಲ ವರ್ಷದಲ್ಲೇ ಹೋಗಬೇಕು. ಅಜ್ಜಿಯ ಐದು ಪದ ಅದಕ್ಕಿಂತ ಎಷ್ಟೋ ಮೇಲು.

ಹಾರಂಗಿ ದಂಡೆ

ಅಪರಾಧ ಸುದ್ದಿ ಮೊದಲ ವರ್ಷದಲ್ಲಿ ಕೊಡಬಹುದಾ? ಮಕ್ಕಳಿಗೆ ಅದರಲ್ಲೇ ಆಸಕ್ತಿ ಹೆಚ್ಚು.

ಕೂಟುಹೊಳೆ

ಕೊಡಿ, ಆದರೆ ಕಾನೂನು ಮೊದಲು, ಠಾಣೆ ಆಮೇಲೆ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಈ ಮೂರೂ ಹಳೆಯ ಕಾನೂನುಗಳು ಹೋಗಿವೆ. ಈಗಲೂ ಹಳೆ ನೋಟ್ಸ್ ಇಟ್ಟುಕೊಂಡು 'ಐಪಿಸಿ ಕಲಂ' ಎಂದು ಬರೆಸುವುದು ನಿಲ್ಲಬೇಕು. ಎಫ್‌ಐಆರ್ ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 173ರಡಿ, ಅಸಹಜ ಸಾವಿನ ವಿಚಾರಣೆ ಕಲಂ 194ರಡಿ. ಮಾನನಷ್ಟ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 356. ಎಫ್‌ಐಆರ್ ಎಂದರೆ ದೂರು ದಾಖಲಾಗಿದೆ ಎಂದಷ್ಟೇ. ಅದರಲ್ಲಿರುವುದು ದೂರುದಾರರ ಮಾತು. ಹಾಗಾಗಿ ಪ್ರತಿ ವಾಕ್ಯಕ್ಕೂ 'ದೂರಿನಲ್ಲಿ ತಿಳಿಸಲಾಗಿದೆ', 'ಎಂದು ಆರೋಪಿಸಲಾಗಿದೆ' ಎಂಬ ಆಸರೆ ಬೇಕು. ತಪ್ಪಿತಸ್ಥ ಎಂಬ ತೀರ್ಪು ಬರುವವರೆಗೆ ಆರೋಪಿ, ಆಮೇಲೆ ಅಪರಾಧಿ.

ಸಣ್ಣ ಜಿಲ್ಲೆಯಲ್ಲಿ ದೊಡ್ಡ ಅಪಾಯ ಇರುವುದು ಗುರುತು ಬಯಲಾಗುವುದರಲ್ಲಿ. ಪೋಕ್ಸೊ ಕಾಯ್ದೆಯ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ಕಾಯ್ದೆ) ಕಲಂ 23ರ ಪ್ರಕಾರ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಹಿಡಿಯಲು ದಾರಿಯಾಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಶಿಕ್ಷೆ ಆರು ತಿಂಗಳಿಂದ ಒಂದು ವರ್ಷದವರೆಗೆ. ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತಿಗೆ ಬಿಎನ್‌ಎಸ್ ಕಲಂ 72 ಇದೆ, ಎರಡು ವರ್ಷದವರೆಗೆ ಶಿಕ್ಷೆ. ಮಕ್ಕಳು ಹೆಸರು ಬಿಡುತ್ತಾರೆ, ಆದರೆ ಹಾಡಿಯ ಹೆಸರು, ಬಾಲಕಿಯ ವಯಸ್ಸು, ಆರೋಪಿ ಅವಳಿಗೆ ಚಿಕ್ಕಪ್ಪ ಎಂಬುದು, ಈ ಮೂರನ್ನೂ ಬರೆದಿರುತ್ತಾರೆ. ನಲವತ್ತು ಮನೆಯ ಹಾಡಿಯಲ್ಲಿ ಅಷ್ಟು ಸಾಕು. ತಾಲೂಕಿನ ಹೆಸರಿಗಿಂತ ಕೆಳಗೆ ಇಳಿಯಬೇಡಿ, ಆರೋಪಿಯ ಸಂಬಂಧ ಬರೆಯಬೇಡಿ ಎಂದು ತರಗತಿಯ ನಿಯಮವನ್ನೇ ಮಾಡಿ.

ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನ ಬರೆಯುವಂತಿಲ್ಲ. ಶೀರ್ಷಿಕೆಯಲ್ಲಂತೂ ಇಲ್ಲವೇ ಇಲ್ಲ. 'ಸಾಲಬಾಧೆಯಿಂದ' ಎಂದು ಒಂದೇ ಕಾರಣ ಕಟ್ಟುವುದೂ ತಪ್ಪು. ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿ.

ಮಂಜಿನ ಹಾದಿ

ಭೂಕುಸಿತ ಆದಾಗ ವಿದ್ಯಾರ್ಥಿಗಳನ್ನು ಸ್ಥಳಕ್ಕೆ ಕರೆದುಕೊಂಡು ಹೋಗಬೇಕು ಎನ್ನುವ ಅಧ್ಯಾಪಕರೂ ಇದ್ದಾರೆ. 'ನಿಜವಾದ ಅನುಭವ' ಎಂಬುದು ಅವರ ವಾದ. ಇಲ್ಲಿನವರು ಏನು ಹೇಳುತ್ತೀರಿ?

ನಾಲ್ಕನೇ ಪುಟ

ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಒಂದು ಕುಸಿತದ ಮೇಲೆ ಇನ್ನೊಂದು ಆದದ್ದು ಇಡೀ ಜಿಲ್ಲೆಗೆ ಗೊತ್ತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ ಶೋಧ ಕಾರ್ಯಕ್ಕೂ ಮಳೆ, ಮಂಜು ಬಿಡಲಿಲ್ಲ. ತರಬೇತಿ ಇಲ್ಲದ ಮೂವತ್ತು ಮಂದಿ ಅಲ್ಲಿಗೆ ಹೋದರೆ ರಕ್ಷಣೆಯವರ ದಾರಿಗೆ ಅಡ್ಡ, ಅವರ ಜೀವಕ್ಕೂ ಅಪಾಯ. ಪರಿಹಾರ ಕೇಂದ್ರದಲ್ಲಿ ಊಟದ ಸಾಲಿನಲ್ಲಿ ನಿಂತವರ ಮುಖಕ್ಕೆ ಫೋನ್ ಹಿಡಿಯುವುದು ವರದಿಗಾರಿಕೆಯೂ ಅಲ್ಲ.

ವಿಕೋಪದ ವರದಿಯನ್ನು ಮಳೆ ನಿಂತ ಮೇಲೆ ಕಲಿಸಬಹುದು, ಅದೇ ಹೆಚ್ಚು ಆಳವಾದ ಕೆಲಸ. ಮನೆ ಕಳೆದುಕೊಂಡವರಿಗೆ ಕಟ್ಟಿಕೊಟ್ಟ ಬಡಾವಣೆಯಲ್ಲಿ ಈಗ ನೀರು ಬರುತ್ತಿದೆಯೇ, ಹಕ್ಕುಪತ್ರ ಸಿಕ್ಕಿದೆಯೇ, ಅಲ್ಲಿಂದ ತೋಟದ ಕೂಲಿಗೆ ಹೋಗಲು ಬಸ್ಸಿದೆಯೇ? ನಾಲ್ಕೈದು ವಿದ್ಯಾರ್ಥಿಗಳ ಗುಂಪು ಒಂದು ಬಡಾವಣೆಯನ್ನು ಇಡೀ ಸೆಮಿಸ್ಟರ್ ಹಿಂಬಾಲಿಸಲಿ. ದೊಡ್ಡ ಪತ್ರಿಕೆಗಳು ಮಾಡಲಾಗದ್ದನ್ನು ಕಾಲೇಜು ಮಾಡಬಹುದಾದ ಜಾಗ ಇದು.

ಮಂಜಿನ ಹಾದಿ

ಹಾಗಾದರೆ ಮಳೆಗಾಲದಲ್ಲಿ ತರಗತಿಯೊಳಗೆ ಮಾಡಿಸಲು ನನ್ನ ಹತ್ತಿರ ಒಂದು ಅಭ್ಯಾಸ ಇದೆ. ಆಗಸ್ಟ್ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಕುಸಿತದ ಚಿತ್ರ, ವಿಡಿಯೊ 'ಇವತ್ತು ಬೆಳಿಗ್ಗೆ' ಎಂದು ಓಡಾಡುತ್ತವೆ. ವಿದ್ಯಾರ್ಥಿಗಳು ತಮ್ಮ ಮನೆಯ ಗುಂಪುಗಳಿಗೆ ಬಂದದ್ದನ್ನೇ ತರಲಿ, ಇಬ್ಬಿಬ್ಬರು ಕೂತು ಪರೀಕ್ಷಿಸಲಿ.

ಮೊದಲು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹಳೆಯ ಪ್ರತಿ ಸಿಗುತ್ತದೆಯೇ ನೋಡುವುದು. ವಿಡಿಯೊ ಆದರೆ ಮೂರು ಬೇರೆ ಬೇರೆ ಕ್ಷಣಗಳ ಸ್ಕ್ರೀನ್‌ಶಾಟ್ ತೆಗೆದು ಹುಡುಕಬೇಕು, ಒಂದೇ ಚಿತ್ರದಲ್ಲಿ ಸಿಗದಿರಬಹುದು. ಫೋಟೊದೊಳಗಿನ ದಿನಾಂಕದ ಮಾಹಿತಿಯನ್ನು ವಾಟ್ಸ್‌ಆ್ಯಪ್ ಅಳಿಸಿಬಿಡುತ್ತದೆ, ಅದನ್ನು ಹುಡುಕುತ್ತಾ ಕೂರುವುದು ವ್ಯರ್ಥ. ಆಮೇಲೆ ಕಣ್ಣಿನ ಕೆಲಸ. ವಾಹನದ ನಂಬರ್ ಪ್ಲೇಟ್ ನೋಡಿ. ಮಡಿಕೇರಿಯದು ಕೆಎ-12, ವಯನಾಡಿನದು ಕೆಎಲ್-12. ಮಸುಕಾದ ವಿಡಿಯೊದಲ್ಲಿ 12 ಮಾತ್ರ ಕಂಡು ನಮ್ಮದೇ ಎಂದು ತೀರ್ಮಾನಿಸುವವರು ಬಹಳ. ಅಂಗಡಿ ಬೋರ್ಡಿನ ಲಿಪಿ, ವಿದ್ಯುತ್ ಕಂಬ, ಮೈಲಿಗಲ್ಲು, ಹೆಂಚಿನ ಆಕಾರ, ಹಿಂದಿನ ಗುಡ್ಡದ ಗೆರೆ ಎಲ್ಲ ನೋಡಬೇಕು. ಕೊನೆಗೆ ಅಂದಿನ ಹೋಬಳಿ ಮಳೆ. ಬೆಳಿಗ್ಗೆ ಕುಸಿಯಿತು ಎಂದ ಜಾಗದಲ್ಲಿ ಹಿಂದಿನ ದಿನ 4 ಮಿ.ಮೀ. ಮಳೆ ಎಂದಿದ್ದರೆ ಫೋನ್ ಎತ್ತಿ ಗ್ರಾಮ ಪಂಚಾಯಿತಿಗೆ ಕೇಳುವುದು.

ಇದೇ ಸಾಲಿಗೆ ರಜೆ ಆದೇಶ. ಹಳೆಯ ಆದೇಶದ ದಿನಾಂಕ ತಿದ್ದಿ ಬಿಡುವವರಿದ್ದಾರೆ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗುತ್ತದೆಯೇ, ದಿನಾಂಕ ಇರುವ ಕಡೆ ಅಕ್ಷರದ ದಪ್ಪ ಬದಲಾಗಿದೆಯೇ, ಆದೇಶ ಸಂಖ್ಯೆ ಇದೆಯೇ. ಅಸಲಿ ಆದೇಶವನ್ನೂ ಅರ್ಧ ಓದಿ ಕೆಡಿಸುವುದುಂಟು. 'ಅಂಗನವಾಡಿ, ಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳಿಗೆ' ಎಂದಿದ್ದರೆ ಪದವಿ ಕಾಲೇಜಿಗೆ ರಜೆ ಇಲ್ಲ. 'ಶಾಲಾ ಕಾಲೇಜುಗಳಿಗೆ ರಜೆ' ಎಂಬ ಶೀರ್ಷಿಕೆ ಅಲ್ಲಿ ತಪ್ಪು ಸುದ್ದಿ.

ಹಾರಂಗಿ ದಂಡೆ

ಇದನ್ನು ನಾಳೆಯೇ ಮಾಡಿಸಬಹುದು. ಇನ್ನು ಪ್ರಯೋಗ ಪತ್ರಿಕೆ. ಅಚ್ಚು ಮಾಡಿಸಬೇಕಾ, ಪಿಡಿಎಫ್ ಮಾಡಿ ಗುಂಪಿಗೆ ಹಾಕಿದರೆ ಸಾಕಾ? ಸಾಫ್ಟ್‌ವೇರ್ ಯಾವುದು?

ಮೊಳೆಯಚ್ಚು

ಅಚ್ಚು ಮಾಡಿಸಿ ಮೇಡಂ. ಪಿಡಿಎಫ್‌ನಲ್ಲಿ ತಪ್ಪು ಕಂಡರೆ ತಿದ್ದಿ ಮತ್ತೆ ಹಾಕಬಹುದು ಎಂಬ ಧೈರ್ಯ ಇರುತ್ತದೆ, ಕರಡು ತಿದ್ದುವ ಕಣ್ಣು ಬೆಳೆಯುವುದಿಲ್ಲ. ಎ3 ಹಾಳೆಯನ್ನು ಮಡಚಿದರೆ ಎ4 ಅಳತೆಯ ನಾಲ್ಕು ಪುಟ. ಕಪ್ಪುಬಿಳುಪು, ಹದಿನೈದು ದಿನಕ್ಕೊಂದು ಸಂಚಿಕೆ ಸಾಕು. ಪ್ರತಿಗಳು ಕಡಿಮೆ ಇದ್ದರೆ ಆಫ್‌ಸೆಟ್ ದುಬಾರಿ, ಜೆರಾಕ್ಸ್ ಅಂಗಡಿಯ ಎ3 ಯಂತ್ರದಲ್ಲೇ ಮಾಡಿಸಿ. ಕೊನೆಯ ಪುಟದ ಕೆಳಗೆ ಸಂಪಾದಕರು, ಪ್ರಕಾಶಕರು, ಮುದ್ರಿಸಿದ ಜಾಗ, 'ಖಾಸಗಿ ಪ್ರಸಾರಕ್ಕೆ ಮಾತ್ರ' ಎಂಬ ಸಾಲು ಇರಲಿ. ಪಾಠ ಮಾಡುವಾಗ 1867ರ ಪತ್ರಿಕಾ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ, ಅದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ ಎಂಬುದನ್ನೂ ಹೇಳಿ. ಹಳೆಯ ಗೈಡುಗಳಲ್ಲಿ ಇನ್ನೂ ಹಿಂದಿನದೇ ಇದೆ.

ಸಾಫ್ಟ್‌ವೇರ್ ವಿಷಯ ಸ್ವಲ್ಪ ಉದ್ದ. ಮುದ್ರಣಾಲಯಗಳಲ್ಲಿ ಹಳೆಯ ನುಡಿ ಅಕ್ಷರವಿನ್ಯಾಸ ಇನ್ನೂ ನಡೆಯುತ್ತದೆ. ವಿದ್ಯಾರ್ಥಿಗಳು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಜಾಗ ಬದಲಿಸುತ್ತದೆ, ಮೂರು ವ್ಯಂಜನದ ಒತ್ತು ಉದುರುತ್ತದೆ, ಉದ್ಧರಣ ಚಿಹ್ನೆ ಬೇರೇನೋ ಆಗುತ್ತದೆ. 'ಸೂರ್ಯ', 'ವರ್ಷ', 'ರಾಷ್ಟ್ರೀಯ', 'ಶಾಸ್ತ್ರ' ಈ ನಾಲ್ಕನ್ನು ಪರಿವರ್ತಿಸಿ ನೋಡಿದರೆ ಆ ಸಾಧನ ನಂಬಬಹುದೇ ಎಂಬುದು ತಿಳಿಯುತ್ತದೆ. ನನ್ನ ಸಲಹೆ: ಮೊದಲಿಂದ ಕೊನೆಯವರೆಗೆ ಯೂನಿಕೋಡ್‌ನಲ್ಲೇ ಇರಿ, ಅಚ್ಚಿಗೆ ಪಿಡಿಎಫ್ ಕೊಡಿ.

ಇನ್‌ಡಿಸೈನ್ ಇದ್ದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಆರಿಸಲೇಬೇಕು. ಇಲ್ಲದಿದ್ದರೆ 'ಕ್ಷ' ಒಡೆದು 'ಕ' 'ಷ' ಬೇರೆ ಬೇರೆಯಾಗಿ ನಿಲ್ಲುತ್ತವೆ. ದುಡ್ಡು ಕೊಡದೆ ಬೇಕೆಂದರೆ ಸ್ಕ್ರೈಬಸ್, ಆದರೆ 1.6 ಆವೃತ್ತಿ ಹಾಕಿ. ಹಳೆಯ 1.4ರಲ್ಲಿ ಕನ್ನಡ ಕೂಡಿಕೊಳ್ಳುವುದಿಲ್ಲ.

ಇಂಗ್ಲಿಷ್ ಪತ್ರಿಕೆಯ ಅಳತೆ ನೋಡಿ ಪುಟ ಮಾಡಿದರೆ ಕನ್ನಡ ಉಸಿರುಗಟ್ಟುತ್ತದೆ. 10 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 13.5 ಅಥವಾ 14 ಇಡಿ. 12 ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿಸುಗೆ ತಾಗುತ್ತದೆ, 'ಸ್ತ್ರೀ' ಕೆಳಗೆ 'ಕೀ' ಬಂದಾಗ ನೋಡಿ. ಎ4 ಪುಟಕ್ಕೆ ಮೂರು ಅಂಕಣ ಸಾಕು. ನಾಲ್ಕು ಮಾಡಿದರೆ 'ಜಿಲ್ಲಾಧಿಕಾರಿಗಳೊಂದಿಗೆ' ಎಂಬ ಒಂದೇ ಪದ ಸಾಲನ್ನೆಲ್ಲ ನುಂಗಿ, ಎರಡು ಬದಿ ಸಮ ಮಾಡಿದ ಕಡೆ ಪದಗಳ ನಡುವೆ ಹೊಳೆ ಹರಿದ ಹಾಗೆ ಬಿಳಿ ಬೀಳುತ್ತದೆ. ಎಡಕ್ಕೆ ಮಾತ್ರ ಸಮ ಮಾಡಿ, ಬಲಬದಿ ಹಾಗೇ ಬಿಡಿ.

ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 300 ಡಿಪಿಐ ಲೆಕ್ಕದಲ್ಲಿ ಅದು 13.5 ಸೆಂ.ಮೀ. ಅಗಲಕ್ಕಷ್ಟೇ ಸಾಕು. ಅದರಲ್ಲಿ ಒಂದು ಮುಖ ಮಾತ್ರ ಕತ್ತರಿಸಿ ದೊಡ್ಡದು ಮಾಡಿದರೆ ಅಚ್ಚಿನಲ್ಲಿ ಚೌಕಚೌಕ ಕಾಣುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಮೊದಲೇ ಹೇಳಿಬಿಡಿ.

103.1 ಕೇಳುಗ

ಧ್ವನಿ, ವಿಡಿಯೊ ಬಗ್ಗೆ ಯಾರೂ ಹೇಳಲಿಲ್ಲ. ಸ್ಟುಡಿಯೊ ಇಲ್ಲದಿದ್ದರೂ ರೇಡಿಯೊ ವಾರ್ತೆ ಮಾಡಿಸಬಹುದು. ಆಕಾಶವಾಣಿ ಮಡಿಕೇರಿಯ ಕಾರ್ಯಕ್ರಮಗಳನ್ನು ಕೇಳಿಸಿ, ವಾಕ್ಯ ಎಷ್ಟು ಚಿಕ್ಕದು, ಕ್ರಿಯಾಪದ ಎಷ್ಟು ಬೇಗ ಬರುತ್ತದೆ ಎಂದು ಗುರುತು ಮಾಡಿಕೊಳ್ಳಲಿ. ಪೇಪರಿಗೆ ಬರೆದ ವಾಕ್ಯವನ್ನು ಮೈಕಿನ ಮುಂದೆ ಓದಿದರೆ ಮಧ್ಯದಲ್ಲೇ ಉಸಿರು ಮುಗಿಯುತ್ತದೆ. ಒಂದು ಉಸಿರಿಗೆ ಒಂದು ವಾಕ್ಯ. ಪ್ರತಿಯೊಬ್ಬರ ಓದಿನ ವೇಗವನ್ನು ಮೊದಲೇ ಅಳೆದುಕೊಳ್ಳಿ: ಒಂದು ನಿಮಿಷ ಓದಿಸಿ, ಪದ ಎಣಿಸಿ, ಸ್ಕ್ರಿಪ್ಟಿನ ಮೇಲೆ ಬರೆದಿಡಿ. ಆಗ ಎರಡು ನಿಮಿಷದ ವಾರ್ತೆಗೆ ಎಷ್ಟು ಬರೆಯಬೇಕು ಎಂಬುದು ತಿಳಿಯುತ್ತದೆ.

ಧ್ವನಿ ಮುದ್ರಿಸುವ ಕೋಣೆ ಶೀಟಿನ ಮಾಡಿನದಾಗಿದ್ದರೆ ಮಳೆಯಲ್ಲಿ ಏನೂ ಮಾಡಲಾಗದು. ಆ ಸದ್ದು ಎಲ್ಲ ತರಂಗದಲ್ಲೂ ಹರಡಿರುತ್ತದೆ, ಧ್ವನಿ ಸಂಪಾದಿಸುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ತೆಗೆಯಲು ಹೋದರೆ ಮಾತು ನೀರಿನೊಳಗಿಂದ ಬಂದಂತೆ ಆಗುತ್ತದೆ. ತಾರಸಿ ಇರುವ ಕೋಣೆ, ಅದರಲ್ಲೂ ಪುಸ್ತಕದ ಬೀರುಗಳಿರುವ ಗ್ರಂಥಾಲಯದ ಮೂಲೆ ಒಳ್ಳೆಯದು. ಫೋನ್ ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆ. ಇಲ್ಲದಿದ್ದರೆ 'ಪ', 'ಫ', 'ಭ' ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಅತಿ ಎತ್ತರದ ಧ್ವನಿ ಮೈನಸ್ 6 ಡೆಸಿಬೆಲ್ ದಾಟಬಾರದು. ಮಾತು ಮುಗಿದ ಮೇಲೆ ಮೂವತ್ತು ಸೆಕೆಂಡು ಸುಮ್ಮನೆ ಕೋಣೆಯ ಮೌನವನ್ನೇ ಮುದ್ರಿಸಿಕೊಳ್ಳಿ, ಕತ್ತರಿಸಿದ ಜಾಗ ತುಂಬಲು ಬೇಕು.

ವಿಡಿಯೊಗೆ ಎರಡೇ ಮಾತು. ಟ್ಯೂಬ್‌ಲೈಟ್ ಅಡಿ ಚಿತ್ರ ಮಿನುಗಿದರೆ 25 ಫ್ರೇಮ್, ಶಟರ್ 1/50 ಇಡಿ, ನಮ್ಮ ವಿದ್ಯುತ್ 50 ಹರ್ಟ್ಸ್. ಪ್ರತಿ ಶಾಟ್ ಹತ್ತು ಸೆಕೆಂಡು ಅಲುಗಾಡದೆ ಹಿಡಿಯಲಿ.

ಮಂಜಿನ ಹಾದಿ

ಆ ಒಂದು ಕ್ಯಾಮೆರಾವನ್ನು ಎಲ್ಲಿ ಇಟ್ಟಿದ್ದೀರಿ ಮೇಡಂ? ಕಾಲೇಜಿನ ಮರದ ಬೀರುವಿನಲ್ಲಿ ಚರ್ಮದ ಚೀಲದೊಳಗೆ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿನ ಒಳಗೆ ಬೂಷ್ಟು ಜೇಡನ ಬಲೆಯ ಹಾಗೆ ಹರಡುತ್ತದೆ, ಒಮ್ಮೆ ಗಾಜಿನ ಲೇಪನ ತಿಂದರೆ ಸರಿಯಾಗುವುದಿಲ್ಲ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮಾಪಕ ಸಾಕು. ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೇವ ಕುಡಿದಿದೆ ಎಂದರ್ಥ, ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಕಿತ್ತಳೆ ಬಣ್ಣಕ್ಕೆ ತಿರುಗುವವರೆಗೆ ಬಿಸಿ ಮಾಡಿ, ಆರಿದ ಮೇಲೆ ಡಬ್ಬಕ್ಕೆ. ಅಡುಗೆಗೆ ಬಳಸದ ಬಾಣಲೆ ಇರಲಿ.

ಹಾರಂಗಿ ದಂಡೆ

ಚರ್ಮದ ಚೀಲದಲ್ಲೇ ಇತ್ತು, ಡಬ್ಬ ತರಿಸುತ್ತೇನೆ. ಇನ್ನೊಂದು ಪ್ರಶ್ನೆ. ಮಾಹಿತಿ ಹಕ್ಕು ಅರ್ಜಿಯನ್ನು ವಿದ್ಯಾರ್ಥಿಗಳಿಂದ ಹಾಕಿಸಬಹುದಾ? ಉತ್ತರ ಬರುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ಬಾಣೆ ಕಾಫಿ

ಎರಡನೇ ವಾರದಲ್ಲೇ ಹಾಕಿಸಿ. ಕಾಯ್ದೆಯ ಗಡುವು 30 ದಿನ, ಮೇಲ್ಮನವಿಗೂ ಕಾಲ ಉಳಿಯುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಗ್ರಾಮ ಪಂಚಾಯಿತಿಗಾದರೆ ಮಾಹಿತಿ ಅಧಿಕಾರಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಅರ್ಜಿ ಬಿದ್ದುಹೋಗುವುದು 'ಏಕೆ' ಎಂದು ಕೇಳಿದಾಗ. 'ರಸ್ತೆ ಏಕೆ ಕಳಪೆಯಾಗಿದೆ?' ಎಂದರೆ ಕೊಡಲು ದಾಖಲೆ ಇಲ್ಲ. 'ಈ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ, ಬಿಲ್ ಪಾವತಿಯ ಪ್ರತಿ ಕೊಡಿ' ಎಂದು ದಾಖಲೆಯ ಹೆಸರು ಹಿಡಿದು ಕೇಳಬೇಕು. ಅರ್ಜಿ ಹಾಕುವ ಮೊದಲು ಕಲಂ 4ರಡಿ ಅವರೇ ಪ್ರಕಟಿಸಿರುವುದನ್ನು ನೋಡಲಿ, ಎಷ್ಟೋ ಸಲ ಬೇಕಾದ್ದು ಅಲ್ಲೇ ಇರುತ್ತದೆ.

ನಾಲ್ಕುನಾಡು

ಇತಿಹಾಸದ ಘಟಕವನ್ನು ಬರೀ ಇಸವಿ ಉರು ಹೊಡೆಸಿ ಮುಗಿಸಬೇಡಿ. 1843ರಲ್ಲಿ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಮುಂದಿನ ದಶಕದಲ್ಲಿ ಕೊಡಗಿಗೂ ಬಂದು ಕೆಲಸ ಮಾಡಿದವರು. 'ಶಕ್ತಿ' ದಿನಪತ್ರಿಕೆ ಮಡಿಕೇರಿಯಲ್ಲಿ ಶುರುವಾದದ್ದು 1957ರಲ್ಲಿ. ಗ್ರಂಥಾಲಯದಲ್ಲಿ ಹಳೆಯ ಸಂಚಿಕೆ ಸಿಕ್ಕರೆ ಒಂದು ಮಳೆಗಾಲದ ವಾರವನ್ನು ತೆಗೆದು ಈಗಿನದಕ್ಕೆ ಹೋಲಿಸಲಿ: ಎಷ್ಟು ಊರಿನ ಹೆಸರು ಬಂದಿವೆ, ಎಷ್ಟು ಸುದ್ದಿಗೆ ಮೂಲ ಹೇಳಿದ್ದಾರೆ.

ಹಾರಂಗಿ ದಂಡೆ

ಕೊನೆಯ ಪ್ರಶ್ನೆ, ಅಂಕ ಕೊಡುವುದು ಹೇಗೆ? ಭಾಷೆ ಚೆನ್ನಾಗಿರುವ ಮಕ್ಕಳೇ ಎಲ್ಲ ಅಂಕ ತೆಗೆದುಕೊಂಡು ಹೋಗುತ್ತಾರೆ.

ನಾಲ್ಕನೇ ಪುಟ

ಭಾಷೆಗೆ ಕಾಲು ಭಾಗ ಅಂಕ ಮಾತ್ರ ಇಡಿ. ಉಳಿದದ್ದು ಮಾಹಿತಿಗೆ, ಮೂಲಕ್ಕೆ, ಪರಿಶೀಲನೆಗೆ. ಪ್ರತಿ ವರದಿಯ ಜತೆ ಒಂದು ಹಾಳೆ ಕಡ್ಡಾಯ: ಯಾರ ಹತ್ತಿರ, ಯಾವಾಗ ಮಾತಾಡಿದೆ, ಯಾವ ದಾಖಲೆ ನೋಡಿದೆ, ಯಾವ ಸಂಖ್ಯೆಯನ್ನು ಎರಡನೇ ಕಡೆ ಸರಿ ನೋಡಿದೆ. ನೀವು ಅದರಲ್ಲಿ ಒಂದು ಸಂಗತಿಯನ್ನು ಆರಿಸಿ ಆ ಮೂಲಕ್ಕೆ ಫೋನ್ ಮಾಡಿ. ಹೀಗೆ ಮಾಡುತ್ತೀರಿ ಎಂದು ಮೊದಲೇ ಹೇಳಿರಬೇಕು, ಮಾತಾಡಿಸಿದವರಿಗೂ ವಿದ್ಯಾರ್ಥಿ ತಿಳಿಸಿರಬೇಕು. ಪತ್ರಿಕಾ ಪ್ರಕಟಣೆಯನ್ನು ಹಾಗೆಯೇ ಇಳಿಸಿದವರ ಹಾಳೆ ಖಾಲಿ ಇರುತ್ತದೆ, ಎಷ್ಟು ಚೆಂದ ಬರೆದಿದ್ದರೂ ಆ ಭಾಗಕ್ಕೆ ಸೊನ್ನೆ.

ಹೆಸರು ತಪ್ಪಾದರೆ ಅರ್ಧ ಅಂಕ ಕಡಿತ ಎಂದು ಇಡಿ. ಕೊಡವ ಮನೆತನದ ಹೆಸರುಗಳನ್ನು ಮಕ್ಕಳು ಕಿವಿಗೆ ಬಿದ್ದ ಹಾಗೆ ಬರೆದುಬಿಡುತ್ತಾರೆ, ಎರಡು ಬೇರೆ ಕುಟುಂಬಗಳು ಒಂದಾಗುತ್ತವೆ. ಹೆಸರನ್ನು ಹೇಳಿದವರ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಲಿ. ಅಚ್ಚಾದ ಮೇಲೆ ತಪ್ಪು ಕಂಡರೆ ಮುಂದಿನ ಸಂಚಿಕೆಯ ಎರಡನೇ ಪುಟದ ಮೇಲ್ಭಾಗದಲ್ಲಿ ತಿದ್ದುಪಡಿ ಹಾಕಿ, ಯಾವ ಸಂಚಿಕೆ, ಯಾವ ಸುದ್ದಿ, ಸರಿಯಾದ ಮಾಹಿತಿ ಏನು ಎಂಬ ಮೂರೂ ಇರಲಿ. ಅದನ್ನು ಬರೆಯುವ ಕೆಲಸ ಆ ವರದಿ ಬರೆದವರದೇ.

ಹಾರಂಗಿ ದಂಡೆ

ಆಯ್ತು ಸರ್. ಸೋಮವಾರದ ಮಳೆ ವಿವರದಿಂದ ಶುರು ಮಾಡುತ್ತೇನೆ. ಮೊದಲ ಸಂಚಿಕೆಯ ಕರಡು ಪುಟಗಳನ್ನು ಇಲ್ಲಿ ಹಾಕುತ್ತೇನೆ, ಅಚ್ಚಿಗೆ ಹೋಗುವ ಮೊದಲು ಮೊಳೆಯಚ್ಚು ಅವರು ಒಮ್ಮೆ ಕಣ್ಣಾಡಿಸಿದರೆ ಉಪಕಾರ.

ಮೊಳೆಯಚ್ಚು

ಹಾಕಿ ಮೇಡಂ. ಪರದೆಯ ಮೇಲೆ ನೋಡಿ ಕಳಿಸಬೇಡಿ, ಎ3ರಲ್ಲಿ ಒಂದು ಪ್ರತಿ ತೆಗೆದು, ಬರೆಯದೇ ಇದ್ದ ವಿದ್ಯಾರ್ಥಿಯ ಕೈಯಲ್ಲಿ ಜೋರಾಗಿ ಓದಿಸಿ ಆಮೇಲೆ ಹಾಕಿ.